ಹನಿಯಲ್ಲಿ ಕಲಿಸಿದ ವರ್ಷ

ಈಚೆಗೆ ಕಿತ್ತೂರಿನ ಒಂದು ಹೈಸ್ಕೂಲಿಗೆ ವಿಜ್ಞಾನ ವಸ್ತುಪ್ರದರ್ಶನದ ತೀರ್ಪುಗಾರಳಾಗಿ ಹೋಗಿದ್ದೆ. ಮಕ್ಕಳು ಮಾಡಿದ ಜ್ವಾಲಾಮುಖಿ, ಗಾಳಿಯಂತ್ರ, ಥರ್ಮಾಕೋಲಿನ ಹೃದಯ ಎಲ್ಲ ನೋಡಿ ಮುಗಿಸಿ ಕೈ ತೊಳೆಯಲು ಅಲ್ಲಿಯ ಪ್ರಯೋಗಾಲಯಕ್ಕೆ ಕಾಲಿಟ್ಟೆ. ಮಾಸ್ತರರೊಬ್ಬರು ಹಳೆಯ ಕಪಾಟು ಖಾಲಿ ಮಾಡಿಸುತ್ತಿದ್ದರು. ಯಾವುದೋ ಬಾಟಲಿಯ ಬಿರಡೆ ಸಡಿಲಾಗಿತ್ತೇನೋ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಏನು ಎತ್ತ ಎಂದು ಯೋಚಿಸುವ ಮೊದಲೇ ನಾನು ಕಿಟಕಿಯ ಹತ್ತಿರ ಓಡಿ ಅದರ ಕದ ತೆರೆದಾಗಿತ್ತು. ಏನೂ ಇಲ್ಲ, ಹಳೆಯ ಸಲ್ಫೈಡ್ ಬಾಟಲಿ ಅಷ್ಟೇ ಎಂದು ಮಾಸ್ತರರು ಸಮಾಧಾನ ಹೇಳಿದರು. ನಾನು ನಕ್ಕೆ. ಕಿಟಕಿಯನ್ನು ಮಾತ್ರ ಮುಚ್ಚಲು ಬಿಡಲಿಲ್ಲ.

ಆ ವಾಸನೆ ನನ್ನ ಪಾಲಿಗೆ ರಾಮದುರ್ಗದ್ದು. ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲದಿಂದ ಮರುವರ್ಷದ ಬೇಸಿಗೆಯವರೆಗಿನದು.

ಆಗ ನಾನು ಅಲ್ಲಿಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮನೆ ಬೈಲಹೊಂಗಲದಲ್ಲಿ. ಅಪ್ಪನಿಗೆ ಹತ್ತಿ ವ್ಯಾಪಾರ. ಶನಿವಾರ ಯರಗಟ್ಟಿಯ ಮೇಲೆ ಬಸ್ಸು ಹಿಡಿದು ಊರಿಗೆ ಹೋದರೆ ಸೋಮವಾರ ನಸುಕಿನಲ್ಲಿ ಮತ್ತೆ ಬಸ್ಸು. ಉಳಿದ ದಿನ ನೇಕಾರರ ಓಣಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಬೆಳಗಾದರೆ ಮಗ್ಗದ ಸಪ್ಪಳ, ಮಧ್ಯಾಹ್ನವಾದರೆ ಸುತ್ತಲಿನ ಕಲ್ಲುಗುಡ್ಡಗಳಿಂದ ಎದ್ದುಬರುವ ಝಳ. ಮಳೆಗಾಲ ಎಂದು ಹೆಸರಿಗಷ್ಟೇ. ಮೋಡ ಬಂದು ನಿಂತು, ಸೆಕೆ ಹೆಚ್ಚು ಮಾಡಿ ಹೋಗುತ್ತಿತ್ತು.

ಕಾಲೇಜು ಊರ ಹೊರಗೆ, ಕಲ್ಲುನೆಲದ ಮೇಲೆ. ನಮ್ಮ ವಿಭಾಗದಲ್ಲಿ ಇದ್ದವರು ಇಬ್ಬರೇ, ಮುಖ್ಯಸ್ಥರಾದ ಕುಲಕರ್ಣಿ ಸರ್ ಮತ್ತು ನಾನು. ಸರ್ ನಿವೃತ್ತಿಗೆ ಹತ್ತಿರದವರು. ಕೊಟ್ಟ ಪುಡಿಯಲ್ಲಿ ಯಾವ ಯಾವ ಲವಣಗಳಿವೆ ಎಂದು ಕಂಡುಹಿಡಿಯುವ ಪ್ರಯೋಗವನ್ನು ತಮ್ಮ ಇಡೀ ವೃತ್ತಿಜೀವನದುದ್ದಕ್ಕೂ ಕಲಿಸಿದವರು. ಎರಡನೆಯ ವರ್ಷದ ಬಿ.ಎಸ್ಸಿ. ಮಕ್ಕಳಿಗೆ ಅದೇ ಮುಖ್ಯ ಪ್ರಯೋಗ, ಅದರದ್ದೇ ಪರೀಕ್ಷೆ. ಆ ಪ್ರಯೋಗಕ್ಕೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಬೇಕು. ಪ್ರಯೋಗಾಲಯದ ಮೂಲೆಯ ಸಣ್ಣ ಕೋಣೆಯಲ್ಲಿ ಮೂರು ಗಾಜಿನ ಬುರುಡೆಗಳ ಕಿಪ್ ಉಪಕರಣವಿತ್ತು. ಆಮ್ಲ ಸುರಿದರೆ ಅನಿಲ ಹುಟ್ಟುತ್ತಿತ್ತು. ಮಕ್ಕಳು ಸಾಲುಗಟ್ಟಿ ಹೋಗಿ ತಮ್ಮ ತಮ್ಮ ಪ್ರನಾಳಗಳಿಗೆ ಅದನ್ನು ಹಾಯಿಸಿಕೊಂಡು ಬರುತ್ತಿದ್ದರು. ಹೊಗೆ ಎಳೆಯುವ ಪಂಖಾ ಯಾವತ್ತೋ ಕೆಟ್ಟಿತ್ತು. ಪ್ರಾಯೋಗಿಕ ತರಗತಿಯ ದಿನ ಇಡೀ ಕಟ್ಟಡ ನಾರುತ್ತಿತ್ತು. ಮಕ್ಕಳು ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ ಕೆಲಸ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಸೀಸ, ಪಾದರಸ, ಕ್ಯಾಡ್ಮಿಯಂನಂಥ ವಿಷದ ಲೋಹಗಳು ಕಲೆಸಿದ ಕಪ್ಪು ನೀರು ಬಚ್ಚಲ ಕೊಳವೆಯಿಂದ ಹಿಂದಿನ ಕಾಲುವೆಗೆ ಇಳಿದು, ಅಲ್ಲಿಂದ ಕೆಳಗಿನ ಹೊಲದ ಬದುವಿಗೆ ಹರಿಯುತ್ತಿತ್ತು. ಇದೆಲ್ಲ ರಸಾಯನಶಾಸ್ತ್ರದ ಜೊತೆಗೆ ಬರುವ ಸಂಗತಿ ಎಂದೇ ಎಲ್ಲರೂ ತಿಳಿದಿದ್ದರು. ನಾನೂ ಹೀಗೆಯೇ ಕಲಿತು ಬಂದವಳು.

ಆ ವರ್ಷ ದಸರೆಗೆ ಮುಂಚೆ ಧಾರವಾಡದಲ್ಲಿ ಅಧ್ಯಾಪಕರಿಗಾಗಿ ಒಂದು ತರಬೇತಿ ಇತ್ತು. ಅಲ್ಲಿ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಹಸಿರು ರಸಾಯನಶಾಸ್ತ್ರದ ಬಗ್ಗೆ ಮಾತಾಡಿದರು. ವಿಷ ಮಾಡಿ ಆಮೇಲೆ ಅದನ್ನು ತೊಳೆಯುವ ಬದಲು ವಿಷವೇ ಹುಟ್ಟದಂತೆ ಪ್ರಯೋಗವನ್ನು ಯೋಚಿಸಬೇಕು ಎಂಬುದು ಅವರ ಮಾತಿನ ಸಾರ. ಸುಸ್ಥಿರ ಅಭಿವೃದ್ಧಿ ಎಂದರೆ ದೊಡ್ಡ ದೊಡ್ಡ ಸಭೆಗಳ ವಿಷಯ ಎಂದುಕೊಂಡಿದ್ದೀರಿ, ಅದು ನಿಮ್ಮ ಕಾಲೇಜಿನ ಬಚ್ಚಲ ಕೊಳವೆಯಲ್ಲಿ ಶುರುವಾಗುತ್ತದೆ ಎಂದರು. ಲವಣ ಪರೀಕ್ಷೆಯನ್ನು ಅನಿಲವಿಲ್ಲದೆ, ಬಿಳಿ ಪಿಂಗಾಣಿ ಬಿಲ್ಲೆಯ ಸಣ್ಣ ಗುಳಿಗಳಲ್ಲಿ ಬರೀ ಹನಿಗಳಿಂದ ಮಾಡಬಹುದೆಂದು ತೋರಿಸಿಕೊಟ್ಟರು. ನನಗೆ ಬಹಳ ಹಿಡಿಸಿತು. ಆದರೆ ರಾಮದುರ್ಗದಲ್ಲಿ ಇದನ್ನು ಮಾಡುವುದುಂಟೇ ಎಂದುಕೊಂಡು ಬಸ್ಸು ಹತ್ತಿದೆ.

ದಸರೆಯ ನಂತರದ ಮೊದಲ ಪ್ರಾಯೋಗಿಕ ತರಗತಿಯಲ್ಲಿ ಕಸ್ತೂರಿ ಕುಸಿದು ಬಿದ್ದಳು.

ಕಸ್ತೂರಿ ಎರಡನೆಯ ವರ್ಷದ ಹುಡುಗಿ. ತವರು ಉಗರಗೋಳ. ಯಲ್ಲಮ್ಮನ ಗುಡ್ಡಕ್ಕೆ ಬರುವವರಿಗೆ ಬಳೆ, ಕುಂಕುಮ ಮಾರುವ ಅಂಗಡಿ ಅವಳ ತಂದೆಯದು. ಆ ಬೇಸಿಗೆಯಲ್ಲೇ ರಾಮದುರ್ಗದ ನೂಲಿನ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದಿದ್ದಳು. ಓದು ಮುಗಿಸಲು ಬಿಡಬೇಕೆಂಬ ಮಾತಿನ ಮೇಲೆ ಮದುವೆಯಾಗಿತ್ತು. ಕೈ ಬಹಳ ಸ್ಥಿರ, ಕಣ್ಣು ಚುರುಕು. ಅವಳು ಅನಿಲದ ಕೋಣೆಯಿಂದ ಪ್ರನಾಳ ಹಿಡಿದು ಬಂದವಳು ಬಾಗಿಲ ಚೌಕಟ್ಟಿಗೆ ಕೈಯೂರಿ ಹಾಗೇ ಜಾರಿ ಕುಳಿತಳು. ಹೊರಗೆ ಕರೆದೊಯ್ದು ನೀರು ಚಿಮುಕಿಸಿದೆವು. ಎಚ್ಚರವಾದ ಮೇಲೆ ಉಳಿದವರನ್ನು ದೂರ ಕಳಿಸಿ ಏನಾಯಿತೆಂದು ಕೇಳಿದೆ.

"ಮೇಡಂ, ನನಗ ದಿನ ಹೋಗ್ಯಾವ್ರಿ. ಮನ್ಯಾಗ ಅವರಿಗೆ ಒಬ್ಬರಿಗೇ ಗೊತ್ತೈತಿ. ಅತ್ತಿಯವರಿಗೆ ಹೇಳಿಲ್ರಿ. ಗೊತ್ತಾದ್ರ ಸಾಲಿ ಬಿಡಸ್ತಾರ."

ಅವಳನ್ನು ನಾನೇ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಸುರಿ ಹೆಂಗಸು ಈ ಅನಿಲವನ್ನು ಉಸಿರಾಡಬಾರದು, ಸೀಸ, ಪಾದರಸದ ಪುಡಿಗಳನ್ನು ಮುಟ್ಟಲೇಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಹೊರಗೆ ಬಂದ ಮೇಲೆ ಕಸ್ತೂರಿ ನನ್ನ ಮುಖ ನೋಡಿ, ಪ್ರಾಕ್ಟಿಕಲ್ ಬಿಟ್ಟರೆ ಪಾಸಾಗುವುದಿಲ್ಲ ಅಲ್ಲವೇ ಎಂದು ಕೇಳಿದಳು. ಹೌದು ಎಂದೆ.

ಕುಲಕರ್ಣಿ ಸರ್ ಕೆಟ್ಟವರಲ್ಲ. ವಿಷಯ ಕೇಳಿ ಮರುಗಿದರು. ಈ ವರ್ಷ ಪರೀಕ್ಷೆ ಬಿಡಲಿ, ಹೆರಿಗೆಯಾದ ಮೇಲೆ ಮುಂದಿನ ವರ್ಷ ಬರಲಿ ಎಂದರು. ಮುಂದಿನ ವರ್ಷ ಎಂಬುದು ಅವಳಿಗೆ ಇಲ್ಲವೆಂದು ನನಗೆ ಗೊತ್ತಿತ್ತು. ಕೂಸು ಕಂಕುಳಿಗೆ ಬಂದ ಮೇಲೆ ಯಾವ ಮನೆಯವರು ಕಾಲೇಜಿಗೆ ಕಳಿಸಿಯಾರು? ನಾನು ಧಾರವಾಡದಲ್ಲಿ ಕಲಿತದ್ದನ್ನು ಹೇಳಿ, ಇಡೀ ತರಗತಿಗೆ ಹನಿಯ ಪದ್ಧತಿ ಕಲಿಸೋಣ ಎಂದೆ. ಅವಳೊಬ್ಬಳಿಗೆ ಕಲಿಸಿ ಉಪಯೋಗವಿರಲಿಲ್ಲ, ಅನಿಲ ಕೋಣೆಗೆಲ್ಲ ಹರಡುತ್ತಿತ್ತು.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪರೀಕ್ಷಾಕ್ಕ ಹೊರಗಿನಿಂದ ಒಬ್ಬರು ಬರತಾರ. ಅವರು ಈ ಪದ್ಧತಿ ಒಪ್ಪಲಿಲ್ಲಂದ್ರ ಒಬ್ಬಾಕಿ ಅಲ್ಲ, ಇಡೀ ಕ್ಲಾಸು ಫೇಲಾಗಿ ಕೂಡತದ. ಅದರಾಗ ನೀವಿನ್ನೂ ಪ್ರೊಬೇಷನ್‌ನಾಗ ಇದ್ದೀರಿ. ಇದನ್ನ ಇಲ್ಲಿಗೇ ಬಿಡ್ರಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಬಿಟ್ಟೂ ಬಿಟ್ಟೆ. ಎರಡು ವಾರ ಕಸ್ತೂರಿ ಪ್ರಾಯೋಗಿಕ ತರಗತಿಯ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕುಳಿತು ಪುಸ್ತಕ ತಿರುವುತ್ತಿದ್ದಳು. ನಾನು ಆ ಕಡೆ ಹಾಯುವುದನ್ನೇ ತಪ್ಪಿಸುತ್ತಿದ್ದೆ.

ಆಮೇಲೆ ಆ ಮಧ್ಯಾಹ್ನ ಬಂತು. ತರಗತಿಗೆ ಸಜ್ಜು ಮಾಡಲೆಂದು ಹೊತ್ತಿಗೆ ಮುಂಚೆ ಹೋದೆ. ಪ್ರಯೋಗಾಲಯದ ಬಾಗಿಲು ದೂಡುತ್ತಲೇ ವಾಸನೆ ಕಪಾಳಕ್ಕೆ ಹೊಡೆದಂತೆ ಬಂತು. ಕಿಪ್ ಉಪಕರಣದ ನಲ್ಲಿ ಸಡಿಲಾಗಿ ಅನಿಲ ಸೋರುತ್ತಿತ್ತು. ಕಣ್ಣು ಉರಿದವು. ಒಳಗೆ, ಅದೇ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಲಕರ್ಣಿ ಸರ್ ಮಕ್ಕಳ ಜರ್ನಲ್ ತಿದ್ದುತ್ತ ಕುಳಿತಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ಹೋಗಿ ನಲ್ಲಿ ಬಿಗಿಮಾಡಿ, ಸಿಕ್ಕ ಕಿಟಕಿ ತೆಗೆದು, ಅವರ ರಟ್ಟೆ ಹಿಡಿದು ಎಳೆದೆ. ಅವರು ಗಾಬರಿಯಿಂದ ನನ್ನನ್ನು ನೋಡಿದರು.

"ಯಾಕ್ರಿ ಮೇಡಂ, ಏನಾತು?"

ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಕೂಡಿಸಿದೆ. ವಾಂತಿ ಮಾಡಿಕೊಂಡರು. ನೀರು ಕುಡಿದು ಆಮೇಲೆ ನೆಲ ನೋಡುತ್ತ ಹೇಳಿದರು, ತಮಗೆ ವಾಸನೆ ತಿಳಿಯುವುದು ನಿಂತು ಬಹಳ ವರ್ಷವಾಗಿದೆಯಂತೆ. ಮನೆಯಲ್ಲಿ ಹಾಲು ಸೀದರೂ ಹೆಂಡತಿ ಹೇಳಿದ ಮೇಲೆ ತಿಳಿಯುತ್ತದಂತೆ. ಮಲ್ಲಿಗೆ ಮುಡಿದು ಎದುರಿಗೆ ನಿಂತರೂ ಅಷ್ಟೇ. ವಾಸನೆಯಿಂದಲೇ ಲವಣ ಗುರುತಿಸುವ ಮಾಸ್ತರ ಎಂದು ಹೆಸರಾದವರು ಇದನ್ನು ಯಾರಿಗೆ ಹೇಳಬೇಕು?

ಕೊನೆಗೆ ಎದ್ದು ನಿಂತು, "ನೀವು ಹೇಳಿದ್ದು ಶುರು ಮಾಡ್ರಿ," ಎಂದಷ್ಟೇ ಹೇಳಿ ಮನೆಗೆ ಹೋದರು.

ಅನುಮತಿ ಸಿಕ್ಕಿತು. ನನ್ನ ನಿಜವಾದ ಕಳವಳ ಅಲ್ಲಿಂದ ಶುರುವಾಯಿತು. ತರಬೇತಿಯಲ್ಲಿ ನೋಡಿದ್ದು ಬೇರೆ, ಕೈಯಾರೆ ಕಲಿಸುವುದು ಬೇರೆ. ಪರೀಕ್ಷೆಯ ಹನಿಯಲ್ಲಿ ತಾಮ್ರ ಕಂದಾಗಿ ತೋರಬೇಕಾದಲ್ಲಿ ಕಬ್ಬಿಣ ಅಡ್ಡ ಬಂದು ಎಲ್ಲ ನೀಲಿಯಾಗುತ್ತಿತ್ತು. ಮೊದಲು ಅಮೋನಿಯಾ ಹಾಕಿ ಕಬ್ಬಿಣವನ್ನು ಕೆಂಪುಗಂದು ಗಸಿಯಾಗಿ ತಳಕ್ಕೆ ಇಳಿಸಬೇಕೆಂದು ತಿಳಿಯಲು ವಾರ ಹಿಡಿಯಿತು. ಖೋಲಿಯಲ್ಲಿ ಊಟ ಮಾಡುವಾಗ ತಟ್ಟೆಯಲ್ಲಿ ಬಿದ್ದ ಸಾರಿನ ಹನಿ ಕಂಡರೂ ಅದೇ ಲೆಕ್ಕ ತಲೆಯಲ್ಲಿ ತಿರುಗುತ್ತಿತ್ತು.

ಮಕ್ಕಳು ಮೊದಲ ದಿನ ಖುಷಿಪಟ್ಟರು. ವಾಸನೆ ಇಲ್ಲ, ಸಾಲು ನಿಲ್ಲುವುದಿಲ್ಲ, ಬಿಲ್ಲೆಯ ಗುಳಿಗಳಲ್ಲಿ ಬಣ್ಣಗಳು ರಂಗೋಲಿಯಂತೆ ಕಾಣುತ್ತಿದ್ದವು. ಇನ್ನೊಂದು ವಾರಕ್ಕೆ ಭಯ ಹುಟ್ಟಿತು. ಅದನ್ನು ಬಾಯಿಬಿಟ್ಟು ಹೇಳಿದವನು ಈರಣ್ಣ. ತೊರಗಲ್ಲಿನವನು, ದಿನಾ ಬಸ್ಸಿಗೆ ಬರುತ್ತಿದ್ದ, ತರಗತಿಗೆ ಮೊದಲಿಗ. ಬಿ.ಎಡ್. ಸೀಟು ಸಿಗಬೇಕೆಂದರೆ ಅವನಿಗೆ ಪ್ರತಿ ಅಂಕವೂ ಬೇಕಾಗಿತ್ತು. ಪಾಠ ಮುಗಿದ ಮೇಲೆ ಎಲ್ಲರೆದುರು ಎದ್ದು ನಿಂತ.

"ಮೇಡಂ, ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಆದರ ಒಬ್ಬರ ಸಲುವಾಗಿ ನಾವೆಲ್ಲಾರೂ ಫೇಲ್ ಆದ್ರ ಯಾರು ಜವಾಬ್ದಾರಿ?"

ಕಸ್ತೂರಿಯ ವಿಷಯ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅವಳು ಪುಸ್ತಕ ಜೋಡಿಸಿಕೊಂಡು ಎದ್ದಳು. ತಾನು ಬರುವುದಿಲ್ಲ, ಮೊದಲಿನ ಹಾಗೆಯೇ ನಡೆಯಲಿ ಎಂದಳು. ನಾನು ಅವಳನ್ನು ಕೂಡಲು ಹೇಳಿದೆ. ಈರಣ್ಣನ ಪ್ರಶ್ನೆ ನನ್ನದೂ ಆಗಿತ್ತು. ಅವನಿಗೆ, ಈ ಪದ್ಧತಿ ತಪ್ಪು ಎಂದು ನೀನು ತೋರಿಸಿಕೊಡು, ತೋರಿಸಿದ ದಿನ ಬಿಟ್ಟುಬಿಡುತ್ತೇನೆ ಎಂದೆ.

ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡ. ವಾರವಾರವೂ ತಾನೇ ಪುಡಿಗಳನ್ನು ಕಲೆಸಿ ತಂದು ಮುಂದಿಡುತ್ತಿದ್ದ. ಡಿಸೆಂಬರಿನ ಒಂದು ದಿನ ತೋರಿಸಿಯೇಬಿಟ್ಟ. ತಾಮ್ರದ ಜೊತೆ ಕ್ಯಾಡ್ಮಿಯಂ ಸೇರಿಸಿದ್ದ. ತಾಮ್ರದ ನೀಲಿಯ ಕೆಳಗೆ ಕ್ಯಾಡ್ಮಿಯಂ ಅಡಗಿಕೊಂಡು, ನನಗೂ ಸಿಗಲಿಲ್ಲ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಸೈನೈಡ್ ಹಾಕುತ್ತಿದ್ದರು. ನಾನು ಹಾಕುವಂತಿರಲಿಲ್ಲ. ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಈರಣ್ಣ ಗೆದ್ದವನ ಹಾಗೆ ಕಾಣಲಿಲ್ಲ, ಅವನ ಮುಖವೂ ಬಾಡಿತ್ತು.

ಆ ಶನಿವಾರ ಊರಿಗೆ ಹೋದರೂ ನನಗೆ ಊಟ ಸೇರಲಿಲ್ಲ. ಅವ್ವ ಹುಷಾರಿಲ್ಲವೇನೆಂದು ಕೇಳಿದಳು. ಎರಡು ದಿನ ರಜೆ ಹಾಕಿ ನೋಡಿದ ಪುಸ್ತಕಗಳಲ್ಲೂ ದಾರಿ ಸಿಗಲಿಲ್ಲ. ದಾರಿ ಹೇಳಿದವರು ಕುಲಕರ್ಣಿ ಸರ್. ನಾನು ಕಾಲೇಜಿಗೆ ಮರಳಿದ ದಿನ ಅವರು ತರಗತಿಯ ಮೂಲೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ಜೇಬಿನಿಂದ ಒಂದು ಕಬ್ಬಿಣದ ಮೊಳೆ ತೆಗೆದರು. ಸ್ವಲ್ಪ ಆಮ್ಲ ಹಾಕಿದ ದ್ರಾವಣದಲ್ಲಿ ಅದನ್ನು ಅದ್ದಿ ಬಿಸಿ ಮಾಡಿದರು. ತಾಮ್ರವೆಲ್ಲ ಕೆಂಪಗೆ ಮೊಳೆಗೆ ಅಂಟಿಕೊಂಡು, ನೀಲಿ ಹೋಗಿ ನೀರು ತಿಳಿಯಾಯಿತು. ಅದರ ಒಂದು ಹನಿಗೆ ಸಲ್ಫೈಡ್ ದ್ರಾವಣದ ಒಂದೇ ಹನಿ ತಾಗಿಸಿದರು. ಬಿಲ್ಲೆಯ ಗುಳಿಯಲ್ಲಿ ಅರಿಸಿನದ ಚುಕ್ಕೆ ಎದ್ದಿತು. ಕ್ಯಾಡ್ಮಿಯಂ. ಈರಣ್ಣ ಬಗ್ಗಿ ನೋಡಿ, ಇನ್ನೊಮ್ಮೆ ಮಾಡಿ ತೋರಿಸಿರೆಂದ. ಅಂದಿನಿಂದ ಅವನು ತಕರಾರು ತೆಗೆಯಲಿಲ್ಲ. ಆದರೆ ಹಳೆಯ ಪದ್ಧತಿಯನ್ನೂ ಗುಟ್ಟಾಗಿ ಬಾಯಿಪಾಠ ಮಾಡುತ್ತಿದ್ದಾನೆಂದು ಕೇಳಿದೆ. ಬೇಡ ಎನ್ನುವ ಧೈರ್ಯ ನನಗಾಗಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಕಸ್ತೂರಿಯ ಹೊಟ್ಟೆ ಕಾಣತೊಡಗಿತು. ಒಂದು ದಿನ ತರಗತಿ ನಡೆದಿರುವಾಗಲೇ ಅವಳ ಅತ್ತೆ ಗೌರವ್ವ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತರು. ಎತ್ತರದ ಆಳು, ಇಳಕಲ್ ಸೀರೆ, ತಲೆಯ ತುಂಬ ಸೆರಗು. ಕಸ್ತೂರಿ ಪಿಪೆಟ್ಟು ಕೆಳಗಿಟ್ಟು ಎದ್ದು ನಿಂತಳು. ಕರೆದುಕೊಂಡು ಹೋಗಲು ಬಂದಿದ್ದಾರೆಂದೇ ನಾನೂ ತಿಳಿದೆ. ಗೌರವ್ವ ಒಳಗೆ ಬಂದು ಗಾಳಿಯನ್ನು ಮೂಸಿ ನೋಡಿದರು. ಮೂಲೆಯ ಕೋಣೆಗೆ ಬೀಗ ಹಾಕಿದ್ದನ್ನು ನೋಡಿದರು. ಸೊಸೆ ಕೈಗೆ ಹಾಕಿಕೊಂಡಿದ್ದ ರಬ್ಬರ್ ಕೈಗವಸು, ಮುಂದಿದ್ದ ಬಿಲ್ಲೆ, ಹನಿಗಳು, ಎಲ್ಲ ನೋಡಿ ಇದೇನು ಅದೇನು ಎಂದು ವಿಚಾರಿಸಿದರು. ಸೀಸ, ಪಾದರಸ, ಕ್ಯಾಡ್ಮಿಯಂನ ಪುಡಿಗಳನ್ನು ಅವಳ ಕೈಗೆ ಕೊಡುವುದಿಲ್ಲ, ಅವನ್ನು ಬೇರೆಯವರು ಮಾಡುವಾಗ ದೂರದಿಂದ ನೋಡಿ ಕಲಿಯುತ್ತಾಳೆ ಎಂದು ವಿವರಿಸಿದೆ.

ಅವರು ನನ್ನನ್ನು ಹೊರಗಿನ ಪಡಸಾಲೆಗೆ ಕರೆದರು.

"ಬಾಯಾರ, ನಾನು ಈ ಮನಿಗೆ ಬಂದಾಗ ಹಿತ್ತಲದಾಗ ನೂಲಿಗೆ ಬಣ್ಣಾ ಹಾಕತಿದ್ವಿ. ದಿನಾ ಮುಂಜಾನಿಂದ ಸಂಜೀತನಕ ಆ ಹಂಡೇದ ಮುಂದ ನಿಂದರತಿದ್ದೆ. ಮದಲಿನ ಎರಡು ಕೂಸು ನಿಲ್ಲಲಿಲ್ಲ. ದೇವರು ಒಯ್ದ ಅಂದ್ರು. ಆ ಬಣ್ಣದ್ದೋ ಏನೋ, ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಮಗೇನರ ಗೊತ್ತೈತೇನು?"

ಗೊತ್ತಿಲ್ಲ ಎಂದೆ. ಇರಬಹುದು ಎನ್ನಲೂ ಅಲ್ಲ ಎನ್ನಲೂ ನನ್ನ ಹತ್ತಿರ ಆಧಾರವಿರಲಿಲ್ಲ. ಅವರು ತಲೆಯಾಡಿಸಿದರು. ಸೊಸೆ ಬರಲಿ, ಆದರೆ ಈ ತರಗತಿ ಇದ್ದ ದಿನ ತಾನೂ ಬಂದು ಹೊರಗೆ ಕೂಡುತ್ತೇನೆ ಎಂದರು. ಹಾಗೆಯೇ ಮಾಡಿದರು. ಪ್ರತಿ ಸಲವೂ ಪಡಸಾಲೆಯ ಕಂಬಕ್ಕೆ ಆತು ಕುಳಿತು ಬತ್ತಿ ಹೊಸೆಯುತ್ತಿದ್ದರು. ಮಧ್ಯೆ ಮಧ್ಯೆ ತಲೆಯೆತ್ತಿ ಗಾಳಿ ಮೂಸುತ್ತಿದ್ದರು.

ಅವರನ್ನು ನೋಡಿದಾಗಲೆಲ್ಲ ನಾನು ಒಳಗೆ ಹೋಗಿ ಮೂಲೆಯ ಕೋಣೆಯ ಬೀಗವನ್ನು ಇನ್ನೊಮ್ಮೆ ಎಳೆದು ನೋಡುತ್ತಿದ್ದೆ. ಪರೀಕ್ಷೆಯ ಭಯವನ್ನಾದರೂ ಕುಲಕರ್ಣಿ ಸರ್ ಜೊತೆ ಹಂಚಿಕೊಳ್ಳಬಹುದಿತ್ತು. ಇದು ಯಾರಿಗೂ ಹೇಳಲಾಗದ ಭಯ. ನಾನು ಎಷ್ಟೇ ಜಾಗ್ರತೆ ಮಾಡಿದ್ದರೂ ಕಸ್ತೂರಿ ಪ್ರಯೋಗಾಲಯದಲ್ಲಿದ್ದಳು. ಮೊದಲ ದಿನಗಳಲ್ಲಿ ಆ ಅನಿಲವನ್ನು ಉಸಿರಾಡಿದ್ದಳು. ನಾಳೆ ಕೂಸಿಗೆ ಏನಾದರೂ ಹೆಚ್ಚುಕಡಿಮೆಯಾದರೆ? ಆಗ ಗೌರವ್ವ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಆಗಲೂ ನಾನು ಗೊತ್ತಿಲ್ಲ ಎನ್ನಬೇಕಾಗುತ್ತದೆ.

ಪರೀಕ್ಷೆ ಏಪ್ರಿಲಿನಲ್ಲಿ ಬಂತು. ಬಂದ ಪರೀಕ್ಷಕರು ಬೆಳಗಾವಿಯವರು, ಬಿಗಿಮನುಷ್ಯ ಎಂದು ಹೆಸರಾದವರು. ಚಹಾ ಕೂಡ ಬೇಡವೆಂದು ನೇರವಾಗಿ ಪ್ರಯೋಗಾಲಯಕ್ಕೆ ನಡೆದರು. ಸುತ್ತ ನೋಡಿ, ಕಿಪ್ ಎಲ್ಲಿ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಕುಲಕರ್ಣಿ ಸರ್ ಮುಂದೆ ಬಂದರು. "ಈ ವರ್ಷದಿಂದ ನಮ್ಮ ವಿಭಾಗದಾಗ ಅದನ್ನ ಬಿಟ್ಟೇವ್ರಿ. ತೀರ್ಮಾನ ನನ್ನದು. ಕೇಳೋದಿದ್ರ ನನ್ನ ಕೇಳ್ರಿ."

ಪರೀಕ್ಷಕರು ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಲವಣ ಕಂಡುಹಿಡಿಯಬೇಕು ಎಂದು ಪಠ್ಯಕ್ರಮದಲ್ಲಿದೆ, ಹೇಗೆ ಎಂದು ಇಲ್ಲ ಎಂದು ಒಪ್ಪಿಕೊಂಡರು. ಸರಿ, ಆದರೆ ಪುಡಿಗಳನ್ನು ನಾನೇ ಕಲೆಸುತ್ತೇನೆ, ತಪ್ಪಿದರೆ ಅಂಕವಿಲ್ಲ ಎಂದರು. ನಾನು ಧೈರ್ಯ ಮಾಡಿ ಕಸ್ತೂರಿಯ ಸ್ಥಿತಿ ತಿಳಿಸಿ, ಅವಳಿಗೆ ವಿಷದ ಲೋಹಗಳನ್ನು ಕೊಡಬೇಡಿ ಎಂದು ಕೇಳಿಕೊಂಡೆ. ಪರೀಕ್ಷೆಯಲ್ಲಿ ಒಬ್ಬರಿಗೆ ಸವಲತ್ತು ಕೊಡಲಾಗದು, ಕೊಡುವುದಾದರೆ ಎಲ್ಲರಿಗೂ ಎಂದವರೇ ಸೀಸ, ಪಾದರಸದ ಬಾಟಲಿಗಳನ್ನು ಎತ್ತಿ ಕಪಾಟಿನಲ್ಲಿಟ್ಟರು. ಕ್ಯಾಡ್ಮಿಯಂ ಬಾಟಲಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಯೋಚಿಸಿ ಮೇಜಿನ ಮೇಲೆಯೇ ಬಿಟ್ಟರು. ಇದು ಇರಲಿ, ನಿಮ್ಮ ಪದ್ಧತಿಯ ಬಲ ಗೊತ್ತಾಗಲಿ ಎಂದರು.

ಮಕ್ಕಳು ಚೀಟಿ ಎತ್ತಿ ಪುಡಿ ಪಡೆದರು. ಕಸ್ತೂರಿಗೆ ಬಂದದ್ದು ತಿಳಿನೀಲಿ ಪುಡಿ. ತಾಮ್ರವಂತೂ ಇತ್ತು. ಜೊತೆಗೆ ಏನಿತ್ತೋ? ಅದೇ ಕ್ಯಾಡ್ಮಿಯಂ ಇದ್ದರೆ? ಮಾತಾಡುವಂತಿಲ್ಲ, ಹತ್ತಿರ ಸುಳಿಯುವಂತಿಲ್ಲ. ಕಿಟಕಿಯ ಪಕ್ಕ ನಿಂತು ಅವಳ ಕೈಯನ್ನೇ ನೋಡಿದೆ. ಏಳನೆಯ ತಿಂಗಳು ಕಳೆದ ಹೊಟ್ಟೆ ಮೇಜಿಗೆ ತಾಗುತ್ತಿದ್ದರಿಂದ ಓರೆಯಾಗಿ ನಿಂತು ಕೆಲಸ ಮಾಡುತ್ತಿದ್ದಳು. ಮೊಳೆ ಅದ್ದಿದಳು. ನೀಲಿ ಇಳಿಯಿತು. ಒಂದು ಹನಿ ಬಿಲ್ಲೆಗೆ, ಅದರ ಮೇಲೆ ಸಲ್ಫೈಡಿನ ಹನಿ. ಬಗ್ಗಿ ನೋಡಿದಳು. ಹನಿ ತಿಳಿಯಾಗಿಯೇ ಉಳಿಯಿತು. ಕ್ಯಾಡ್ಮಿಯಂ ಇರಲಿಲ್ಲ. ಇಲ್ಲದಿದ್ದುದಕ್ಕೆ ನೆಮ್ಮದಿಯಾಯಿತು. ಮರುಗಳಿಗೆಯೇ, ಇದ್ದೂ ತೋರಲಿಲ್ಲವೋ ಏನೋ ಎಂಬ ಸಂಶಯ ಬಂತು.

ಕ್ಯಾಡ್ಮಿಯಂ ಬಂದದ್ದು ಈರಣ್ಣನಿಗೆ. ಅವನ ಬಿಲ್ಲೆಯಲ್ಲಿ ಹಳದಿ ಎದ್ದಾಗ ಪರೀಕ್ಷಕರು ತಾವೇ ಬಗ್ಗಿ ನೋಡಿದರು. ಹಳೆಯ ಪದ್ಧತಿಯಲ್ಲಿ ಇದನ್ನು ಹೇಗೆ ಮಾಡುತ್ತಾರೆ ಎಂದು ಕೇಳಿದರು. ಅವನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಹಾಗಿದ್ದರೆ ಅದನ್ನೇ ಯಾಕೆ ಮಾಡಲಿಲ್ಲವೆಂದರು.

"ಸೈನೈಡ್ ಹಾಕಬೇಕಾಗತೈತ್ರಿ ಸರ್. ಆ ನೀರು ಕೆಳಗಿನ ಹೊಲದ ಬಾವಿಗೆ ಇಳಿತೈತಿ. ಅದನ್ನ ಮಂದಿ ಕುಡೀತಾರ."

ನಾನು ಅದನ್ನು ಅವನಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ತಾನೇ ಹೋಗಿ ನೋಡಿಬಂದಿದ್ದನಂತೆ.

ಸಂಜೆ ಪರೀಕ್ಷಕರು ಅಂಕಪಟ್ಟಿಯನ್ನು ಲಕೋಟೆಯಲ್ಲಿಟ್ಟು ಮುಚ್ಚಿ ಹೊರಟುಹೋದರು. ಫಲಿತಾಂಶ ಜೂನಿನಲ್ಲಿ ಬಂತು. ಇಬ್ಬರು ಪುಡಿ ತಪ್ಪು ಹೇಳಿದ್ದರು, ಆದರೂ ಉಳಿದ ಅಂಕಗಳಿಂದ ಪಾಸಾಗಿದ್ದರು, ಯಾರೂ ಫೇಲಾಗಿರಲಿಲ್ಲ. ಈರಣ್ಣನಿಗೂ ಕಸ್ತೂರಿಗೂ ಒಳ್ಳೆಯ ಅಂಕಗಳೇ ಬಂದಿದ್ದವು. ಮರುವರ್ಷ ಅದೇ ಪರೀಕ್ಷಕರು ತಮ್ಮ ಕಾಲೇಜಿಗೆ ಕುಲಕರ್ಣಿ ಸರ್ ಅವರನ್ನು ಕರೆಸಿ ಈ ಪದ್ಧತಿ ಹೇಳಿಸಿಕೊಂಡರೆಂಬುದು ಆಮೇಲಿನ ಮಾತು. ಇದನ್ನೆಲ್ಲ ಈಗಲೇ ಹೇಳಿ ಮುಗಿಸುತ್ತಿದ್ದೇನೆ, ಏಕೆಂದರೆ ಆ ಬೇಸಿಗೆ ನನಗೆ ಫಲಿತಾಂಶದ ಚಿಂತೆ ಅಷ್ಟಾಗಿ ಇರಲಿಲ್ಲ.

ಪರೀಕ್ಷೆ ಮುಗಿಸಿ ಕಸ್ತೂರಿ ಹೆರಿಗೆಗೆ ಉಗರಗೋಳಕ್ಕೆ ಹೋದಳು. ನಾನು ರಜೆಗೆ ಬೈಲಹೊಂಗಲಕ್ಕೆ ಬಂದೆ. ಮೇ ತಿಂಗಳು. ಡಾಕ್ಟರು ಹೇಳಿದ ದಿನ ಹತ್ತಿರ ಬಂತು, ದಾಟಿತು. ಯಾವ ಸುದ್ದಿಯೂ ಇಲ್ಲ. ಒಳ್ಳೆಯ ಸುದ್ದಿಯಾಗಿದ್ದರೆ ತಿಳಿಸುತ್ತಿರಲಿಲ್ಲವೇ? ಅಪ್ಪನ ಹತ್ತಿಯ ಅಂಗಡಿಯಲ್ಲಿ ಫೋನು ಗಂಟೆ ಹೊಡೆದರೆ ಎದ್ದು ಹೋಗುತ್ತಿದ್ದೆ. ಒಂದು ಶುಕ್ರವಾರ ತಡೆಯಲಾಗದೆ, ಗುಡ್ಡಕ್ಕೆ ಹೋಗಿ ಬರುತ್ತೇನೆಂದು ಅವ್ವನಿಗೆ ಹೇಳಿ ಸವದತ್ತಿಯ ಬಸ್ಸು ಹಿಡಿದೆ. ಅಲ್ಲಿಂದ ಟಂಪೋದಲ್ಲಿ ಉಗರಗೋಳ.

ಶುಕ್ರವಾರ ಎಂದರೆ ಗುಡ್ಡಕ್ಕೆ ಹೋಗುವ ಮಂದಿಯಿಂದ ರಸ್ತೆ ತುಂಬಿರುತ್ತದೆ. ಎಲ್ಲ ಅಂಗಡಿಗಳೂ ತೆರೆದಿದ್ದವು. ಕಸ್ತೂರಿಯ ತಂದೆಯ ಅಂಗಡಿಗೆ ಮಾತ್ರ ಬಾಗಿಲು ಹಾಕಿತ್ತು. ಪಕ್ಕದ ಕಾಯಿಯಂಗಡಿಯವಳನ್ನು ಕೇಳಿದರೆ, ನಿನ್ನೆ ಸಂಜೆಯೇ ಎಲ್ಲರೂ ಸವದತ್ತಿಯ ಆಸ್ಪತ್ರೆಗೆ ಹೋಗಿದ್ದಾರೆ, ಹುಡುಗಿಗೆ ಬಹಳ ತ್ರಾಸಾಗಿತ್ತು ಎಂದಳು. ಮುಂದೆ ಏನಾಯಿತೋ ಅವಳಿಗೂ ತಿಳಿಯದು. ಬಂದ ದಾರಿಯಲ್ಲೇ ತಿರುಗಿ ಟಂಪೋ ಹತ್ತಿದೆ. ಅದು ಜನ ತುಂಬುವ ತನಕ ಹೊರಡಲಿಲ್ಲ. ಬಿಸಿಲಲ್ಲಿ ಕುಳಿತು ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಗೌರವ್ವ ಕುಳಿತಿದ್ದರು. ರಾಮದುರ್ಗದಿಂದ ಯಾವಾಗ ಬಂದಿದ್ದರೋ. ಸೆರಗು ಜಾರಿತ್ತು, ಕಣ್ಣು ಕೆಂಪಗಿದ್ದವು. ನನ್ನನ್ನು ನೋಡಿಯೂ ಏಳಲಿಲ್ಲ. ನಾನು ಎದುರಿಗೆ ಹೋಗಿ ನಿಂತೆ.

"ಹೆಣ್ಣು ಕೂಸ್ರಿ ಬಾಯಾರ," ಎಂದರು ತಲೆಯೆತ್ತಿ. "ಹುಟ್ಟಿದ ಕೂಡ್ಲೇ ಎಷ್ಟು ಜೋರು ಅತ್ತಿತಂದ್ರ, ನನಗ ಇಲ್ಲಿತನಕ ಕೇಳಿಸ್ತು."

ಅಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಅವರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ಆಮೇಲೆ ಒಳಗೆ ಹೋದೆ. ಕಸ್ತೂರಿ ಬಿಳಿಚಿಕೊಂಡಿದ್ದಳು, ತುಟಿ ಒಣಗಿದ್ದವು. ಪಕ್ಕದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಕೂಸು, ಮುಷ್ಟಿ ಬಿಗಿಹಿಡಿದು ಮಲಗಿತ್ತು. ಕೈ ಕಾಲು ಬೆರಳುಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಸರಿಯಾಗಿದ್ದವು. ಕಸ್ತೂರಿ ನನ್ನನ್ನು ಹತ್ತಿರ ಕರೆದಳು. ಅತ್ತೆ ಬಾಗಿಲಲ್ಲಿದ್ದಾರೆಯೇ ಎಂದು ನೋಡಿ ದನಿ ತಗ್ಗಿಸಿದಳು.

"ಮೇಡಂ, ಮೂರನೇ ವರ್ಷದ ಪ್ರಾಕ್ಟಿಕಲ್‌ನಾಗ ಬೆಂಜೀನ್ ಇರತೈತಂತಲ್ರಿ, ಅದೂ ವಿಷಾನ ಅಂತ. ಮನೀಗೆ ಹೋಗಿ ಕೂಸಿಗೆ ಮೊಲಿ ಕುಡಿಸಬೇಕು. ಅದಕ್ಕೇನ್ ಮಾಡೂದ್ರಿ?"

ಬೆಂಜೀನಿನ ಬದಲಿಗೆ ಏನು ಬಳಸಬಹುದೆಂದು ನಾನು ಇನ್ನೂ ಯೋಚಿಸಿಯೇ ಇರಲಿಲ್ಲ. ಕಾಲೇಜು ಶುರುವಾಗುವ ತನಕ ಟೈಮ್ ಐತಿ, ನೀ ಮೊದಲ ಊಟಾ ಮಾಡು ಎಂದೆ. ಅವಳು ಸರಿ ಎಂದು ಕಣ್ಣು ಮುಚ್ಚಿದಳು.